ಲಿವರ್ ಚುರುಕಾದರೆ ಮಾತ್ರೆ ಸೋಲುತ್ತದೆ

"ಡಾಕ್ಟ್ರೇ, ಲಿವರ್ ಕ್ಲೀನ್ ಆಗೋಕೆ ಏನಾದ್ರೂ ಬರ್ಕೊಡಿ." ಹೀಗೆ ಕೇಳುವವರು ಈಗ ಜಾಸ್ತಿ. ವಿಷ ತೆಗೆಯುವ ಕಿಣ್ವಗಳು ಹೆಚ್ಚಿದಷ್ಟೂ ಒಳ್ಳೆಯದು ಅನ್ನೋ ನಂಬಿಕೆ ಅವರದು. ಅಂಥ ಕಿಣ್ವಗಳನ್ನು ಹೆಚ್ಚಿಸುವ ಔಷಧಿ ನಮ್ಮಲ್ಲಿ ಇದ್ದೇ ಇದೆ: ಕ್ಷಯಕ್ಕೆ ಆರು ತಿಂಗಳು ಕೊಡುವ ರಿಫಾಂಪಿಸಿನ್. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದಲ್ಲ, ಅದೇ. ಅದನ್ನು ಕೊಡುವಾಗ ನಮಗೆ ತಲೆನೋವಾಗುವುದೇ ಈ ಗುಣ.

(ರಕ್ತಪರೀಕ್ಷೆಯ ಚೀಟಿಯಲ್ಲಿ ಏರುವ ಎಸ್‌ಜಿಪಿಟಿ ಬೇರೆ. ಅದು ಲಿವರಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಕಿಣ್ವ. ಎರಡನ್ನೂ ಬೆರೆಸಬೇಡಿ.)

ಲಿವರಿನ ಜೀವಕೋಶದಲ್ಲಿ ಪಿಎಕ್ಸ್‌ಆರ್ ಎಂಬ ಪ್ರೋಟೀನ್ ಇದೆ. 1998ರಲ್ಲಿ ಗುರುತಿಸಿದ್ದು. ಹೊರಗಿನ ರಾಸಾಯನಿಕ ಒಳಗೆ ಬಂತೇ ಎಂದು ನೋಡುವ ಗೇಟಿನ ಕಾವಲುಗಾರ ಅನ್ನಿ. ಸಾಮಾನ್ಯವಾಗಿ ಇಂಥ ಪ್ರೋಟೀನಿಗೆ ಒಂದೇ ಬಗೆಯ ಅಣು ಒಗ್ಗುತ್ತದೆ. ಇದರ ಒಳಜಾಗ ಮಾತ್ರ ದೊಡ್ಡದು, ಹಾಗಾಗಿ ತರತರದ ಅಣುಗಳು ಬಂದು ಕೂರುತ್ತವೆ. ರಿಫಾಂಪಿಸಿನ್ ಕೂತಾಗ ಪಿಎಕ್ಸ್‌ಆರ್ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಸಿವೈಪಿ3ಎ4 ಎಂಬ ಕಿಣ್ವದ ಜೀನ್ ಚಾಲೂ ಆಗುತ್ತದೆ. ನಾವು ಬರೆಯುವ ಮಾತ್ರೆಗಳಲ್ಲಿ ದೊಡ್ಡ ಪಾಲನ್ನು ಒಡೆಯುವುದು ಈ ಕಿಣ್ವವೇ. ಇದರ ಜೊತೆ ಸಿವೈಪಿ2ಸಿ9ನಂಥ ಇನ್ನೂ ಕೆಲವು ಏರುತ್ತವೆ.

ಹೊಸ ಕಿಣ್ವ ತಯಾರಾಗಬೇಕಲ್ಲ, ಅದಕ್ಕೆ ಸಮಯ ಬೇಕು. ಪರಿಣಾಮ ಪೂರ್ತಿ ಕಾಣಲು ಒಂದೆರಡು ವಾರ. ಮಾತ್ರೆ ನಿಲ್ಲಿಸಿದ ಮೇಲೆ ಇಳಿಯಲೂ ಸುಮಾರು ಎರಡು ವಾರ.

ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಿಗೆ ಟಿಬಿ ಬಂತು ಅಂದುಕೊಳ್ಳಿ. ರಿಫಾಂಪಿಸಿನ್ ಶುರುವಾದ ಮೊದಲ ಕೆಲವು ದಿನ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐಎನ್‌ಆರ್ ಸರಿಯಾಗೇ ಇರುತ್ತದೆ. ಎಲ್ಲರೂ ನಿರಾಳ. ಆಮೇಲೆ, ಏರಿದ ಕಿಣ್ವಗಳು ವಾರ್ಫರಿನ್ನನ್ನು ಬೇಗ ಒಡೆಯುವುದರಿಂದ, ಐಎನ್‌ಆರ್ ಜಾರತೊಡಗುತ್ತದೆ. "ಮಾತ್ರೆ ತಪ್ಪಿಸಿದ್ರಾ?" ಎಂದು ನಾವು ಕೇಳುತ್ತೇವೆ, ಪಾಪ, ಅವರು ಒಂದು ದಿನವೂ ತಪ್ಪಿಸಿರುವುದಿಲ್ಲ. ವಾರ್ಫರಿನ್ನನ್ನು ಎರಡು ಮೂರು ಪಟ್ಟು, ಕೆಲವರಿಗೆ ಇನ್ನೂ ಜಾಸ್ತಿ ಏರಿಸಬೇಕಾಗುತ್ತದೆ. ನನ್ನ ಪ್ರಕಾರ ನಿಜವಾದ ಅಪಾಯ ಇರುವುದು ಕೋರ್ಸ್ ಮುಗಿದಾಗ. ಟಿಬಿ ವಾಸಿಯಾಯ್ತು ಎಂಬ ಖುಷಿಯಲ್ಲಿ ಏರಿಸಿದ ಡೋಸ್ ಹಾಗೇ ಮುಂದುವರಿದರೆ, ಕಿಣ್ವ ಇಳಿದ ಹಾಗೆ ರಕ್ತ ತೆಳುವಾಗುತ್ತಾ ಹೋಗಿ ರಕ್ತಸ್ರಾವ ಆಗಬಹುದು. ಆ ವಾರಗಳಲ್ಲಿ ಪದೇಪದೇ ಐಎನ್‌ಆರ್ ನೋಡಿ ಡೋಸ್ ಇಳಿಸಲೇಬೇಕು.

ಇದನ್ನೆಲ್ಲ ಇಲಿಯ ಮೇಲೆ ನೋಡಿ ತಿಳಿಯೋಣವೆಂದರೆ ಆಗದು. ಇಲಿಯ ಪಿಎಕ್ಸ್‌ಆರ್ ರಿಫಾಂಪಿಸಿನ್‌ಗೆ ಸರಿಯಾಗಿ ಜಗ್ಗುವುದೇ ಇಲ್ಲ. ಅದಕ್ಕೇ ಹೊಸ ಔಷಧಿಗಳನ್ನು ಮನುಷ್ಯರ ಲಿವರ್ ಕೋಶಗಳ ಮೇಲೆ ಪರೀಕ್ಷಿಸುತ್ತಾರೆ. ಕಸಿಗೆ ಬಳಸಲಾಗದ ದಾನಿಗಳ ಲಿವರಿನಿಂದಲೂ ಇವು ಸಿಗುತ್ತವೆ. ತಟ್ಟೆಯಲ್ಲಿ ಬೆಳೆಸಿ, ಎರಡು ಮೂರು ದಿನ ಔಷಧಿ ಹಾಕಿ, ಕಿಣ್ವ ಎಷ್ಟು ಏರಿತೆಂದು ಅಳೆಯುತ್ತಾರೆ. ಹೋಲಿಕೆಗೆ ಪಕ್ಕದ ತಟ್ಟೆಗೆ ಹಾಕುವುದು ನಮ್ಮ ರಿಫಾಂಪಿಸಿನ್ನೇ.

ಇನ್ನು ಮದ್ಯ. ದಿನಾ ಕುಡಿಯುವವರಲ್ಲಿ ಸಿವೈಪಿ2ಇ1 ಎಂಬ ಇನ್ನೊಂದು ಲಿವರ್ ಕಿಣ್ವ ಏರಿರುತ್ತದೆ. ಇದು ಪ್ಯಾರಸಿಟಮಾಲ್‌ನ ಒಂದು ಪಾಲನ್ನು ಲಿವರಿಗೇ ಮಾರಕವಾದ ವಸ್ತುವಾಗಿ ಮಾರ್ಪಡಿಸುತ್ತದೆ. ಅದನ್ನು ತಣಿಸಬೇಕಾದ, ಲಿವರಿನಲ್ಲೇ ಇರುವ ಗ್ಲುಟಾಥಯೋನ್ ಎಂಬ ವಸ್ತು, ಸರಿಯಾಗಿ ಊಟ ಮಾಡದೆ ಕುಡಿಯುವವರಲ್ಲಿ ಕಡಿಮೆ ಇರುತ್ತದೆ. ವಿಷ ತೆಗೆಯುವ ಕಿಣ್ವವೇ ವಿಷ ತಯಾರಿಸುವುದು ಅಂದ್ರೆ ಇದೇ ಅಲ್ವಾ?

ಎಲೆಕೋಸಿನ ಬಳಗದ ಬ್ರೊಕೊಲಿಯಲ್ಲಿ ಸಿಗುವ ಸಲ್ಫೊರಾಫೇನ್ ದಾರಿ ಬೇರೆ. ಅದು ಎನ್‌ಆರ್‌ಎಫ್2 ಎಂಬ ಪ್ರೋಟೀನಿನ ಮೂಲಕ, ಅಪಾಯದ ವಸ್ತುಗಳನ್ನು ತಣಿಸುವ ಕಿಣ್ವಗಳನ್ನು ಏರಿಸುತ್ತದೆ. ಪಲ್ಯ ಮಾಡಿ ತಿನ್ನಿ, ತಕರಾರಿಲ್ಲ. ಇದೇ ನೆಪದಲ್ಲಿ ಮಾರುವ ಡಿಟಾಕ್ಸ್ ಪುಡಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಟಿಬಿ ಚಿಕಿತ್ಸೆಯಲ್ಲಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಗರ್ಭನಿರೋಧಕ ಗುಳಿಗೆಯ ಹಾರ್ಮೋನುಗಳನ್ನೂ ಈ ಕಿಣ್ವಗಳು ಬೇಗ ಒಡೆದುಹಾಕುತ್ತವೆ, ಗುಳಿಗೆ ನಂಬಿ ಕೂರುವಂತಿಲ್ಲ. ಕಾಪರ್‌-ಟಿಗೆ ಈ ತೊಂದರೆ ಇಲ್ಲ. ಗುಳಿಗೆಯೇ ಬೇಕೆಂದರೆ, ರಿಫಾಂಪಿಸಿನ್ ನಿಂತ ಮೇಲೂ ನಾಲ್ಕು ವಾರ ಬೇರೆ ಉಪಾಯ ಮುಂದುವರಿಸಬೇಕು.