ಒಂದು ವಿಡಿಯೋಗೆ ಒಂದೇ ಕೆಲಸ

ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂ ಸಿಸ್ಟರ್‌ಗಳಿಗೆ (ಹಳ್ಳಿಯ ಆರೋಗ್ಯ ಸಹಾಯಕಿಯರಿಗೆ), ಆಶಾ ಕಾರ್ಯಕರ್ತೆಯರಿಗೆ ಟ್ಯಾಬ್ ಮತ್ತು ಆರೋಗ್ಯ ಇಲಾಖೆಯ ಪೋರ್ಟಲ್ ಕೆಲಸ ಹೇಳಿಕೊಡುತ್ತೇನೆ. ಮೊದಮೊದಲು 40 ನಿಮಿಷದ ಉದ್ದನೆಯ ವಿಡಿಯೋ ಮಾಡುತ್ತಿದ್ದೆ. ಲಾಗಿನ್‌ನಿಂದ ವರದಿವರೆಗೆ ಎಲ್ಲಾ ಅದರಲ್ಲೇ ಇತ್ತು. ಇಂಡಿ ಕಡೆಯ ಒಬ್ಬ ಸಿಸ್ಟರ್ ನೇರವಾಗಿ ಹೇಳಿದರು: "ಸರ್, ನೀವು ಭಾಳ ಗಡಬಡಿ ಒತ್ತತೀರಿ. ನನಗ ಬೇಕಾಗಿದ್ದು ಎಲ್ಲಿ ಐತಿ ಅಂತ ಹುಡುಕೂದ್ರಾಗ ಬಸುರಿ ಹೆಣಮಗಳು ಎದ್ದು ಹೋಗಿರ್ತಾಳ."

ಅವತ್ತಿನಿಂದ ಒಂದು ವಿಡಿಯೋಗೆ ಒಂದೇ ಕೆಲಸ, ಎರಡು ನಿಮಿಷ ದಾಟುವಂತಿಲ್ಲ.

ಬಟನ್ ಎಲ್ಲಿದೆ ಅಂತ ತೋರಿಸುವುದು ಸುಲಭ. ಕಷ್ಟ ಇರುವುದು ಬಟನ್ ಒತ್ತುವ ಮೊದಲು. ಗರ್ಭಿಣಿಯ ಹೆಸರನ್ನು ಆರ್‌ಸಿಎಚ್ ಪೋರ್ಟಲ್‌ಗೆ, ಅಂದರೆ ತಾಯಿ-ಮಕ್ಕಳ ಆರೋಗ್ಯದ ಸರ್ಕಾರಿ ದಾಖಲೆಗೆ, ಸೇರಿಸುವಾಗ ಕೊನೆಯ ಮುಟ್ಟಿನ ತಾರೀಖು ಹಾಕಬೇಕು. ಅದಕ್ಕೆ 280 ದಿನ ಕೂಡಿದರೆ ಹೆರಿಗೆಯ ಅಂದಾಜು ದಿನ ಬರುತ್ತದೆ, ಆ ಲೆಕ್ಕ ಸಾಫ್ಟ್‌ವೇರೇ ಮಾಡುತ್ತದೆ. ಆದರೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ತಾರೀಖು ಹೇಳುವುದಿಲ್ಲ, "ಪಂಚಮಿ ಆಗಿ ನಾಕ ದಿನಕ್ಕ" ಅನ್ನುತ್ತಾರೆ. ನಾಗರ ಪಂಚಮಿ 2024ರಲ್ಲಿ ಆಗಸ್ಟ್ 9ಕ್ಕೆ ಬಂದಿತ್ತು, 2025ರಲ್ಲಿ ಜುಲೈ 29ಕ್ಕೇ ಬಂತು. ಹಿಂದಿನ ವರ್ಷದ ನೆನಪಿನ ಮೇಲೆ ಸುಮ್ನೆ ಒಂದು ತಾರೀಖು ಹಾಕಿಬಿಟ್ಟರೆ ಹೆರಿಗೆ ದಿನ 11 ದಿನ ಆಚೀಚೆ ಆಗುತ್ತದೆ, ಅಲ್ವಾ? ಅದಕ್ಕೇ ಆ ವಿಡಿಯೋದ ಮೊದಲ ಅರ್ಧ ನಿಮಿಷ ಟ್ಯಾಬೇ ಕಾಣಿಸುವುದಿಲ್ಲ. ಗೋಡೆಯ ಕ್ಯಾಲೆಂಡರ್, ಅದರಲ್ಲಿ ಪಂಚಮಿ ಹುಡುಕಿ ಅಲ್ಲಿಂದ ಒಂದೊಂದೇ ಮನೆ ಎಣಿಸುವ ಸಿಸ್ಟರ್ ಬೆರಳು, ಅಷ್ಟೇ.

ಇನ್ನೊಂದು ವಿಡಿಯೋದಲ್ಲಿ ಬೇಕಂತಲೇ ತಪ್ಪು ಮಾಡಿ ತೋರಿಸುತ್ತೇವೆ. ಮುದ್ದೇಬಿಹಾಳದ ಸೊಸೆ ಚೊಚ್ಚಲ ಹೆರಿಗೆಗೆ ಜಮಖಂಡಿಯ ತವರಿಗೆ ಹೋಗುತ್ತಾಳೆ, ಅಲ್ಲಿ ಅವಳ ಹೆಸರನ್ನು ಹೊಸದಾಗಿ ಇನ್ನೊಮ್ಮೆ ಸೇರಿಸಿದರೆ ಒಬ್ಬಳೇ ತಾಯಿ ಇಬ್ಬರಾಗುತ್ತಾಳೆ, ತವರಲ್ಲಿ ತಪಾಸಣೆ ಆಗಿದ್ದರೂ ಗಂಡನ ಮನೆಯ ಊರಿನ ಪಟ್ಟಿಯಲ್ಲಿ ಬಾಕಿ ಅಂತಲೇ ಉಳಿಯುತ್ತದೆ. ಮೊದಲು ತಾಯಿ ಕಾರ್ಡ್ ಕೇಳಿ, ಅದರ ನಂಬರ್ ಹಾಕಿ ಹುಡುಕಬೇಕು. ಸರಿಯಾದ ದಾರಿ ಮಾತ್ರ ತೋರಿಸುವ ವಿಡಿಯೋ ನನ್ನ ಪ್ರಕಾರ ಅರ್ಧ ಪಾಠ. ದಾರಿ ತಪ್ಪಿದಾಗ ಪಕ್ಕದಲ್ಲಿ ಕೇಳೋಕೆ ಯಾರೂ ಇರುವುದಿಲ್ಲ.

ಆರೋಗ್ಯ ದಾಖಲೆಗೆ ಬೇಕಾದ 14 ಅಂಕಿಯ ಆಭಾ ನಂಬರ್ ಮಾಡಿಸುವಾಗ ಆಧಾರ್ ಒಟಿಪಿ ಗಂಡನ ಫೋನಿಗೆ ಹೋಗುತ್ತದೆ, ಗಂಡ ಗೋವಾಕ್ಕೆ ದುಡಿಯಲು ಹೋಗಿರುತ್ತಾನೆ. ಹಿಂದಿನ ದಿನವೇ ಆಶಾ ಅಕ್ಕ ಅವನಿಗೆ ಫೋನ್ ಮಾಡಿ ಹೇಳಿಟ್ಟರೆ ಕೆಲಸ ಆಗುತ್ತದೆ. ಇದನ್ನೂ ವಿಡಿಯೋದಲ್ಲೇ ಹೇಳಬೇಕು.

ನೀವೂ ಇಂಥ ವಿಡಿಯೋ ಮಾಡುವುದಾದರೆ ದನಿ ಸಿಸ್ಟರ್‌ಗಳದ್ದೇ ಇರಲಿ, ಅವರ ಮಾತಿನಲ್ಲೇ. ನಿಜವಾದ ತಾಯಂದಿರ ಹೆಸರು, ಫೋನ್ ನಂಬರ್ ಪರದೆ ಮೇಲೆ ಬರಲೇಬಾರದು. ಅಭ್ಯಾಸಕ್ಕೆ ಅಂತ ಒಂದು ಸುಳ್ಳು ಹೆಸರು ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಊರೇ ಜಾಸ್ತಿ, ಹಾಗಾಗಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮೀಟಿಂಗ್ ದಿನವೇ ವಿಡಿಯೋ ಫೋನಿಗೆ ಇಳಿಸಿಕೊಡಿ. ನೋಡಿದ ಮೇಲೆ ಅವರ ಕೈಯಿಂದಲೇ ಒಮ್ಮೆ ಮಾಡಿಸಿ, ಎಷ್ಟೇ ತಡವಾದರೂ ಟ್ಯಾಬ್ ಮಾತ್ರ ಕಸಿದುಕೊಳ್ಳಬೇಡಿ.

ಮತ್ತೆ, ಆಪ್ ಅಪ್‌ಡೇಟ್ ಆದ ದಿನವೇ ಹಳೇ ವಿಡಿಯೋ ಗ್ರೂಪ್‌ನಿಂದ ತೆಗೆದು ಹೊಸದು ಹಾಕಿ. ಬಟನ್ ಜಾಗ ಬದಲಾಗಿದ್ದರೆ ಸಿಸ್ಟರ್‌ಗಳು ಆಪನ್ನು ಬಯ್ಯುವುದಿಲ್ಲ, ತಮಗೇ ಬರುವುದಿಲ್ಲ ಅಂದುಕೊಂಡು ಟ್ಯಾಬ್ ಎತ್ತಿಟ್ಟುಬಿಡುತ್ತಾರೆ.