ಹೊಸ ಕ್ಲಬ್ಬಿಗೆ ಕೈ ಪಳಗುವ ಬಗೆ

ಹೊಸ ಗಾಲ್ಫ್ ಕ್ಲಬ್ಬುಗಳ ಸೆಟ್ ಕೈಗೆ ಬಂದ ಮೊದಲ ಕೆಲವು ದಿನಗಳು ನುರಿತ ಆಟಗಾರರನ್ನೂ ಕಂಗೆಡಿಸುತ್ತವೆ. ನಿನ್ನೆಯವರೆಗೆ ಹೇಳಿದ ಮಾತು ಕೇಳುತ್ತಿದ್ದ ಚೆಂಡು ಇಂದು ಬಲಕ್ಕೆ ವಾಲುತ್ತದೆ; ಇನ್ನೊಮ್ಮೆ ಫೇಸಿನ, ಅಂದರೆ ಚೆಂಡಿಗೆ ಹೊಡೆಯುವ ಮುಖದ, ಅಂಚಿಗೆ ತಗುಲಿ ಬೆರಳುಗಳೆಲ್ಲ ಜುಮ್ಮೆನ್ನುತ್ತವೆ. ಕೈ ಇನ್ನೂ ಪಳಗಿಲ್ಲ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಪಳಗಬೇಕಾದದ್ದು ಮುಖ್ಯವಾಗಿ ಕೈಯಲ್ಲ, ಆ ಕೈಯನ್ನು ನಡೆಸುವ ಮೆದುಳಿನೊಳಗಿನ ಒಂದು ಅಂದಾಜು.

ತುಂಬಿದೆಯೆಂದು ಭಾವಿಸಿ ಖಾಲಿ ಕೊಡವನ್ನು ಎತ್ತಿದವರಿಗೆ ಈ ಅಂದಾಜಿನ ಪರಿಚಯವಿದ್ದೇ ಇರುತ್ತದೆ. ಕೊಡ ಸರ್ರನೆ ಮೇಲಕ್ಕೆ ಬರುತ್ತದೆ, ಏಕೆಂದರೆ ಎಷ್ಟು ಬಲ ಬೇಕೆಂಬುದನ್ನು ಮೆದುಳು ಎತ್ತುವ ಮೊದಲೇ ತೀರ್ಮಾನಿಸಿರುತ್ತದೆ. ಗಾಲ್ಫ್ ಸ್ವಿಂಗಿನಲ್ಲಿ ಈ ಮುಂಗಡ ತೀರ್ಮಾನವೇ ಬಹುಪಾಲು ಎಲ್ಲವೂ ಆಗಿರುತ್ತದೆ. ಮೇಲೆತ್ತಿದ ಕ್ಲಬ್ ಕೆಳಗಿಳಿದು ಚೆಂಡನ್ನು ಮುಟ್ಟಲು ಸುಮಾರು ಕಾಲು ಸೆಕೆಂಡು ಸಾಕು. ಕಣ್ಣು ಕಂಡ ತಪ್ಪನ್ನು ಕೈ ತಿದ್ದಿಕೊಳ್ಳಲು ಹತ್ತಿರಹತ್ತಿರ ಅಷ್ಟೇ ಸಮಯ ಬೇಕು. ಹೀಗಾಗಿ ಹೊಡೆತದ ನಡುವೆ ತಿದ್ದುಪಡಿಗೆ ಅವಕಾಶ ತೀರಾ ಕಡಿಮೆ.

ಚೆಂಡಿಗೂ ಕ್ಲಬ್ಬಿಗೂ ನಡುವಿನ ಭೇಟಿಯಂತೂ ಇನ್ನೂ ಕ್ಷಣಿಕ. ಅತಿ ದೂರದ ಹೊಡೆತಕ್ಕೆ ಬಳಸುವ ಉದ್ದನೆಯ ಕ್ಲಬ್ಬಾದ ಡ್ರೈವರಿನ ಸುಮಾರು 200 ಗ್ರಾಂ ತೂಕದ ತಲೆ ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಂದು, 46 ಗ್ರಾಂ ಮೀರದ ಚೆಂಡಿಗೆ ಅಪ್ಪಳಿಸುತ್ತದೆ ಎನ್ನೋಣ. ಎರಡೂ ಪರಸ್ಪರ ತಗುಲಿಕೊಂಡಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಕಾಲ ಮಾತ್ರ. ಅಷ್ಟರಲ್ಲಿ ಚೆಂಡು ಒಂದಿಷ್ಟು ಚಪ್ಪಟೆಯಾಗಿ, ಮತ್ತೆ ಹಿಗ್ಗಿ, ಫೇಸನ್ನು ಬಿಟ್ಟು ಹಾರುತ್ತದೆ. ಆ ಹೊಡೆತದ ಕಂಪನ ಕ್ಲಬ್ಬಿನ ಉದ್ದನೆಯ ಕೋಲಾದ ಶಾಫ್ಟ್ ಹತ್ತಿ, ಕೈ ಹಿಡಿಯುವ ಗ್ರಿಪ್ ದಾಟಿ, ಬೆರಳುಗಳ ನರಗಳ ಮೂಲಕ ಮೆದುಳನ್ನು ತಲಪುವ ಹೊತ್ತಿಗೆ ಚೆಂಡು ಮೀಟರಿಗಿಂತ ಹೆಚ್ಚು ದೂರ ಸಾಗಿಯಾಗಿರುತ್ತದೆ. ಚೆನ್ನಾಗಿ ತಗುಲಿತು ಎಂದು ನಮಗೆ ಅನ್ನಿಸುವುದು, ಮುಗಿದುಹೋದ ಸಂಗತಿಯ ವರದಿ. ಆ ವರದಿಯನ್ನು ಮೆದುಳು ವ್ಯರ್ಥ ಮಾಡುವುದಿಲ್ಲ. ನಿರೀಕ್ಷಿಸಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರವನ್ನು ಅಳೆದು ಮುಂದಿನ ಹೊಡೆತದ ಅಂದಾಜನ್ನು ತುಸು ತಿದ್ದುತ್ತದೆ. ಈ ಕೆಲಸದಲ್ಲಿ ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನ ಪಾತ್ರ ದೊಡ್ಡದು.

ಹೊಸ ಕ್ಲಬ್ಬಿನಲ್ಲಿ ಬದಲಾಗುವುದಾದರೂ ಏನು? ಕೈಯಲ್ಲಿ ಹಿಡಿದು ತೂಗಿದಾಗ ತಿಳಿಯದಷ್ಟು ಸಣ್ಣ ವ್ಯತ್ಯಾಸ ಬೀಸಿದಾಗ ದೊಡ್ಡದಾಗುತ್ತದೆ, ಏಕೆಂದರೆ ತಿರುಗುವ ವಸ್ತುವಿನ ಜಡತ್ವ, ಅಂದರೆ ತಿರುಗಿಸುವಾಗ ಅದು ಒಡ್ಡುವ ಪ್ರತಿರೋಧ, ತಿರುಗುವ ಕೇಂದ್ರದಿಂದ ಅದಕ್ಕಿರುವ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 45 ಇಂಚಿನ ಡ್ರೈವರ್ ಒಂದೇ ಒಂದು ಇಂಚು ಉದ್ದವಾದರೆ ಉದ್ದದಲ್ಲಿ ಹೆಚ್ಚಿದ್ದು ಶೇ 2ರ ಆಸುಪಾಸು; ಆದರೆ ಅದರ ತಲೆಯನ್ನು ತಿರುಗಿಸಲು ಎದುರಾಗುವ ಜಡತ್ವ ಶೇ 4ಕ್ಕಿಂತ ಹೆಚ್ಚು ಏರುತ್ತದೆ. ಶಾಫ್ಟ್ ಕೂಡ ಸುಮ್ಮನಿರುವುದಿಲ್ಲ. ಕೆಳಗಿಳಿಯುವ ಆರಂಭದಲ್ಲಿ ಅದು ಹಿಂದಕ್ಕೆ ಬಾಗಿ, ಚೆಂಡಿನ ಬಳಿ ಬರುವಷ್ಟರಲ್ಲಿ ಮುಂದಕ್ಕೆ ಬಾಗಿರುತ್ತದೆ. ಅದರ ಬಿಗಿ ಬದಲಾದರೆ ಫೇಸ್ ಚೆಂಡಿಗೆ ಎದುರಾಗುವ ಕೋನವೂ ಬದಲಾಗಬಹುದು. ಹಿಂದೆ ಬಳಕೆಯಲ್ಲಿದ್ದ ಹಿಕರಿ ಮರದ ಶಾಫ್ಟುಗಳು ಬಾಗುವುದಷ್ಟೇ ಅಲ್ಲದೆ ತಿರುಚಿಕೊಳ್ಳುತ್ತಲೂ ಇದ್ದವು. ಉಕ್ಕಿನ ಶಾಫ್ಟಿಗೆ ಅಮೆರಿಕದಲ್ಲಿ 1924ರಲ್ಲೂ ಗಾಲ್ಫ್ ನಿಯಮಗಳನ್ನು ರೂಪಿಸುವ ಬ್ರಿಟನ್ನಿನ ಆರ್ ಅಂಡ್ ಎ ಸಂಸ್ಥೆಯಿಂದ 1929ರಲ್ಲೂ ಒಪ್ಪಿಗೆ ಸಿಕ್ಕಿತು. ಆ ತಿರುಚಿಗೆ ಹೊಂದಿಕೊಂಡೇ ಬೆಳೆದಿದ್ದ ಕೈಗಳಿಗೆ ಹೊಸ ಲೋಹ ಬೇರೆಯೇ ಲಯವನ್ನು ಬೇಡಿತು. ಇನ್ನು ಐರನ್ ಎಂಬ ಲೋಹದ ತಲೆಯ ಕ್ಲಬ್ಬುಗಳ ಮೇಲಿನ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಒಂದು ಕಾಲಕ್ಕೆ 35 ಡಿಗ್ರಿಗಿಂತ ಹೆಚ್ಚು ಲಾಫ್ಟ್, ಅಂದರೆ ಫೇಸ್ ಹಿಂದಕ್ಕೆ ವಾಲಿರುವ ಕೋನ, ಇರುತ್ತಿದ್ದ 7 ಐರನ್ ಈಗ ಅನೇಕ ಸೆಟ್ಟುಗಳಲ್ಲಿ 30 ಡಿಗ್ರಿಯ ಆಸುಪಾಸಿಗೆ ಇಳಿದಿದೆ. ಚೆಂಡು ಹೆಚ್ಚು ದೂರ ಹೋಯಿತೆಂದು ಹಿಗ್ಗುವ ಮೊದಲು ಈ ಕೋನವನ್ನು ನೋಡಿಕೊಳ್ಳುವುದು ಒಳ್ಳೆಯದು.

ಅಂದಾಜು ತಿದ್ದಿಕೊಳ್ಳುವ ಬಗೆಯನ್ನು ರೆಜಾ ಶಾದ್‌ಮೆಹರ್ ಮತ್ತು ಫರ್ಡಿನಾಂಡೊ ಮುಸ್ಸಾ–ಇವಾಲ್ಡಿ 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸೊಗಸಾಗಿ ತೋರಿಸಿತು. ಅದರಲ್ಲಿ ಭಾಗವಹಿಸಿದವರು ಯಂತ್ರದ ತೋಳಿನ ಹಿಡಿಯನ್ನು ಹಿಡಿದು ಒಂದು ಗುರಿಯತ್ತ ಕೈ ಚಾಚಬೇಕಿತ್ತು. ಯಂತ್ರ ಅವರ ಕೈಯನ್ನು ದಾರಿ ತಪ್ಪಿಸುವಂತೆ ತಳ್ಳುತ್ತಿತ್ತು. ಮೊದಮೊದಲು ವಕ್ರವಾಗುತ್ತಿದ್ದ ಚಲನೆ ಅಭ್ಯಾಸದಿಂದ ನೇರವಾಯಿತು. ಆಮೇಲೆ ತಳ್ಳುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಕೈ ವಿರುದ್ಧ ದಿಕ್ಕಿಗೆ ವಾಲಿತು. ಅಂದರೆ ಅವರು ತೋಳನ್ನು ಬಿಗಿಹಿಡಿದು ಎದುರಿಸಿದ್ದಲ್ಲ, ಬರಲಿರುವ ಬಲವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಎರಡು ವರ್ಷಗಳ ನಂತರ, 1996ರಲ್ಲಿ, ಇದೇ ಬಗೆಯ ಇನ್ನೊಂದು ಪ್ರಯೋಗ ಬಂತು: ಒಂದು ಬಲಕ್ಕೆ ಹೊಂದಿಕೊಂಡ ತಕ್ಷಣ ಅದಕ್ಕೆ ವಿರುದ್ಧವಾದದ್ದನ್ನು ಕಲಿಸಿದರೆ ಮೊದಲ ಕಲಿಕೆ ಕೆಡುತ್ತಿತ್ತು, ನಡುವೆ 4 ಗಂಟೆ ಬಿಡುವು ಕೊಟ್ಟರೆ ಉಳಿಯುತ್ತಿತ್ತು. ಪ್ರಯೋಗಾಲಯದ ಹಿಡಿ ಗಾಲ್ಫ್ ಕ್ಲಬ್ ಅಲ್ಲ, ನಿಜ. ಆದರೂ ಹೊಸ ಮತ್ತು ಹಳೆಯ ಕ್ಲಬ್ಬುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದರಲ್ಲಿ ಎರಡು ಚೆಂಡು ತಪ್ಪಿದೊಡನೆ ಇನ್ನೊಂದಕ್ಕೆ ಕೈ ಹಾಕುವ ಅಭ್ಯಾಸ ನನಗೆ ಸರಿಕಾಣದಿರಲು ಇದೇ ಕಾರಣ.

ಹೊಂದಿಕೊಳ್ಳುವ ಈ ಶಕ್ತಿಯ ಬಗ್ಗೆ ನನಗೆ ಒಂದು ಆತಂಕವೂ ಇದೆ. ಕ್ಲಬ್ ಸರಿಯಿಲ್ಲದಿದ್ದರೂ ಮೆದುಳು ಅದಕ್ಕೆ ಹೊಂದಿಕೊಳ್ಳಲು ಯತ್ನಿಸುತ್ತದೆ. ಉದಾಹರಣೆಗೆ, ಐರನ್ನಿನ ಲೈ ಕೋನ, ಅಂದರೆ ನೆಲಕ್ಕೂ ಶಾಫ್ಟಿಗೂ ನಡುವಿನ ಕೋನ, ಆಟಗಾರನಿಗೆ ಬೇಕಾದುದಕ್ಕಿಂತ ಹೆಚ್ಚು ನೆಟ್ಟಗಿದ್ದರೆ, ಚೆಂಡು ಮುಟ್ಟುವ ಹೊತ್ತಿಗೆ ತಲೆಯ ಹಿಮ್ಮಡಿ, ಅಂದರೆ ಶಾಫ್ಟಿನ ಕಡೆಯ ತುದಿ, ನೆಲಕ್ಕೆ ತಾಗಿ ಮುಂತುದಿ ಮೇಲೆದ್ದಿರುತ್ತದೆ, ಫೇಸ್ ಬಲಗೈ ಆಟಗಾರನ ಎಡಕ್ಕೆ ಮುಖಮಾಡುತ್ತದೆ. ಲಾಫ್ಟ್ ಹೆಚ್ಚಿದಷ್ಟೂ ಈ ದೋಷವೂ ಹೆಚ್ಚು. ಆಟಗಾರ ತನಗರಿವಿಲ್ಲದೆಯೇ ಮಣಿಕಟ್ಟನ್ನು ತಡೆಹಿಡಿದು ಚೆಂಡನ್ನು ನೇರಕ್ಕೆ ತರಬಲ್ಲ. ಅಲ್ಲಿಗೆ ಕ್ಲಬ್ಬಿನ ತಪ್ಪು ದೇಹದೊಳಗೆ ಸೇರಿಕೊಂಡಿತು. ಆದ್ದರಿಂದ ಉದ್ದ, ಲೈ ಕೋನ ಮತ್ತು ಶಾಫ್ಟಿನ ಬಿಗಿಯನ್ನು ಮೊದಲ ದಿನವೇ ಅಳತೆ ಮಾಡಿಸಿಕೊಳ್ಳಬೇಕು. ಕೈ ಪಳಗಿದ ಮೇಲೆ ದೋಷ ಕಣ್ಣಿಗೆ ಬೀಳುವುದು ಕಷ್ಟ.

ಅಳತೆ ಸರಿಯಿದ್ದರೆ ಮಿಕ್ಕದ್ದು ತಾಳ್ಮೆಯ ಕೆಲಸ. ಮೊದಲು ಸಣ್ಣ ಸ್ವಿಂಗ್, ಚೆಂಡು ಫೇಸಿನ ಯಾವ ಭಾಗಕ್ಕೆ ತಗುಲಿತೆಂದು ಪ್ರತಿ ಬಾರಿಯೂ ನೋಡುವುದು, ಆಮೇಲೆ ಪೂರ್ಣ ವೇಗ. ಕೆಲವು ವಾರಗಳ ನಂತರ ಹಳೆಯ 7 ಐರನ್ನನ್ನು ಒಮ್ಮೆ ಎತ್ತಿಕೊಂಡು ಹೊಡೆದರೆ, ವರ್ಷಗಳ ಕಾಲ ಕೈಯಲ್ಲೇ ಇದ್ದ ಆ ಕ್ಲಬ್ ಮೊದಲ ಹೊಡೆತಕ್ಕೆ ಅಪರಿಚಿತವೆನಿಸಬಹುದು.