ತಿಜೋರಿಯ ಗೋಡೆಯಲ್ಲಿ ಅಡಗಿರುವ ನೀರು

ಹಳೆ ತಿಜೋರಿ ಕೊಳ್ಳಲು ಬರುವವರು ಮೊದಲು ಬಾಗಿಲು ನೋಡುತ್ತಾರೆ. ಹಿತ್ತಾಳೆ ಹಿಡಿ, ಕಂಪನಿಯ ಫಲಕ, ಬಣ್ಣದ ಗೆರೆ. ಅವೆಲ್ಲ ಚೆಂದವೇ. ಆದರೆ ತಿಜೋರಿ ರಿಪೇರಿಯನ್ನೇ ಕಸುಬು ಮಾಡಿಕೊಂಡ ನಾನು ಮೊದಲು ಗೋಡೆ ನೋಡುತ್ತೇನೆ. ಹೊರ ತಗಡು, ಒಳ ತಗಡು, ಇವೆರಡರ ನಡುವೆ ಏನಿದೆ ಅನ್ನುವುದೇ ನನಗೆ ಮುಖ್ಯ.

ಕಬ್ಬಿಣ ಉರಿಯುವುದಿಲ್ಲ, ಆದರೆ ಬಿಸಿಯನ್ನು ತಡೆಯುವುದೂ ಇಲ್ಲ. ಬರೀ ಕಬ್ಬಿಣದ ಪೆಟ್ಟಿಗೆ ಬೆಂಕಿಗೆ ಸಿಕ್ಕರೆ ಒಳಗಿನ ಪತ್ರಗಳು ಇದ್ದಲ್ಲೇ ಕರಕಲಾಗುತ್ತವೆ. ಲಿವರ್‌ಪೂಲ್‌ನ ಥಾಮಸ್ ಮಿಲ್ನರ್ 1840ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದರು. ಗೋಡೆಯೊಳಗೇ ನೀರನ್ನು ಅಡಗಿಸಿಡುವ ಉಪಾಯ ಅದು. ಮುಂದೆ ಇಂಗ್ಲೆಂಡಿನಲ್ಲಿ ಮರದ ಹೊಟ್ಟಿಗೆ ಆಲಂ ಬೆರೆಸಿ ತುಂಬುವುದು ರೂಢಿಯಾಯಿತು. ಆಲಂ ಅಂದರೆ ಕ್ಷೌರದಂಗಡಿಯಲ್ಲಿ ಉಜ್ಜುತ್ತಾರಲ್ಲ, ಅದೇ ಪಟಿಕ. ಮುಟ್ಟಿದರೆ ಒಣ ಕಲ್ಲು, ಆದರೆ ಅದರ ತೂಕದಲ್ಲಿ ಸುಮಾರು 45% ನೀರೇ! ಸುಮಾರು 92 ಡಿಗ್ರಿಗೆ ಅದು ಕರಗುತ್ತದೆ, ಬಿಸಿ ಏರಿದಂತೆ ನೀರು ಬಿಡುತ್ತದೆ, ನೀರು ಆವಿಯಾಗುತ್ತದೆ. ಆ ನೀರು ಮುಗಿಯುವ ತನಕ ಗೋಡೆಯ ಒಳಮೈ ಹೆಚ್ಚುಕಡಿಮೆ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಕಾಗದ ಸುಡಲು 200ಕ್ಕಿಂತ ಜಾಸ್ತಿ ಬೇಕು. ಅಮೆರಿಕದವರು ಇದೇ ಕೆಲಸಕ್ಕೆ ಜಿಪ್ಸಂ ಬಳಸಿದರು. ಅದರಲ್ಲಿ ಸುಮಾರು 21% ನೀರು. ಎಷ್ಟು ಸರಳ, ಎಷ್ಟು ಆಳವಾದ ಯೋಚನೆ!

1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುಟ್ಟಾಗ ಆತುರಪಟ್ಟು ಬಾಗಿಲು ತೆಗೆದವರು ಕಣ್ಣೆದುರೇ ಎಲ್ಲ ಕಳೆದುಕೊಂಡರು. ಒಳಗೆ ಕಾದಿದ್ದ ಕಾಗದಕ್ಕೆ ಗಾಳಿ ತಾಗಿದ್ದೇ ತಡ, ಭಗ್ಗನೆ ಹೊತ್ತಿಕೊಂಡಿತು. ಪೂರ್ತಿ ಆರುವ ತನಕ ದಿನಗಟ್ಟಲೆ ಕಾದವರ ಪತ್ರಗಳು ಉಳಿದವು.

ಕಳ್ಳರ ವಿಷಯ ಬೇರೆ. 1865ರಲ್ಲಿ ಲಂಡನ್ನಿನ ಕಾರ್ನ್‌ಹಿಲ್ ಬೀದಿಯ ಒಡವೆ ಅಂಗಡಿಯಲ್ಲಿ ಮಿಲ್ನರ್ ತಿಜೋರಿಯನ್ನೇ ಒಡೆದರು. ಬೀಗದ ತಂಟೆಗೇ ಹೋಗಲಿಲ್ಲ. ಬಾಗಿಲ ಅಂಚಿನ ಸಂದಿಗೆ ಉಕ್ಕಿನ ಬೆಣೆ ಹೊಡೆದು, ಸನ್ನೆ ಹಾಕಿ ಮೀಟಿದರು. ಆಮೇಲೆ ತಯಾರಕರ ಗಮನವೆಲ್ಲ ಅಂಚಿನ ಕಡೆ ತಿರುಗಿತು. ಒಂದೇ ತಗಡನ್ನು ಬಗ್ಗಿಸಿ ಮೈ ಮಾಡಿ ಮೂಲೆಯ ಜೋಡಣೆ ಕಡಿಮೆ ಮಾಡುವುದು, ಬಾಗಿಲಿನ ಬೋಲ್ಟುಗಳು ಚೌಕಟ್ಟನ್ನು ಕಚ್ಚಿ ಹಿಡಿಯುವಂತೆ ಮಾಡುವುದು, ಇಂಥವು ಬಂದವು. ಅದಕ್ಕೇ ಹಳೆ ತಿಜೋರಿಯ ಮೂಲೆಗೆ ಬೆರಳಾಡಿಸಿ ನೋಡಿ ಅನ್ನುತ್ತೇನೆ.

ದೊಡ್ಡ ತಿಜೋರಿಗೆ ಬೀಗದ ಕೈ ಯಾಕೆ ಚಿಕ್ಕದು ಎಂದು ಹಲವರು ಕೇಳುತ್ತಾರೆ. ಬೋಲ್ಟುಗಳನ್ನು ಎಳೆಯುವುದು ಹಿಡಿ. ಬೀಗದ ಕೈಯ ಕೆಲಸ ಅವುಗಳಿಗೆ ಅಡ್ಡ ನಿಂತ ಚಿಕ್ಕ ತುಂಡನ್ನು ಸರಿಸುವುದು ಅಷ್ಟೇ. ಕೈ ಚಿಕ್ಕದಾದರೆ ತೂತೂ ಚಿಕ್ಕದು, ಕಳ್ಳರು ಒಳಗೆ ತುಂಬಬಹುದಾದ ಸಿಡಿಮದ್ದೂ ಕಡಿಮೆ. ಇಂಗ್ಲೆಂಡಿನ ಚಬ್ ಅವರ 'ಡಿಟೆಕ್ಟರ್' ಬೀಗ (1818) ಇನ್ನೂ ಒಂದು ಹೆಜ್ಜೆ ಮುಂದೆ. ಯಾರಾದರೂ ಲಿವರನ್ನು, ಅಂದರೆ ಬೀಗದೊಳಗೆ ಕೈ ಮೇಲೆತ್ತುವ ಪಟ್ಟಿಯನ್ನು, ಬೇಕಾದ್ದಕ್ಕಿಂತ ಮೇಲೆತ್ತಿದರೆ ಬೀಗ ಕಚ್ಚಿಕೊಳ್ಳುತ್ತದೆ. ಮುಂದಿನ ಸಲ ತನ್ನ ಕೈ ತಿರುಗದಿದ್ದಾಗ ಯಾರೋ ಕೈಯಾಡಿಸಿದ್ದಾರೆ ಎಂದು ಯಜಮಾನನಿಗೆ ಗೊತ್ತಾಗುತ್ತದೆ.

ನಮ್ಮ ದೇಶದಲ್ಲಿ ಸಂಗ್ರಹ ಶುರುಮಾಡುವವರು ಗೋದ್ರೆಜ್ ತಿಜೋರಿಯನ್ನು ಹಗುರವಾಗಿ ಕಾಣಬಾರದು. 1897ರಲ್ಲಿ ಮುಂಬೈಯಲ್ಲಿ ಬೀಗ ಮಾಡಲು ಶುರುಮಾಡಿದ ಅರ್ದೇಶಿರ್ ಗೋದ್ರೆಜ್ 1902ರ ಹೊತ್ತಿಗೆ ತಿಜೋರಿಗೂ ಕೈಹಾಕಿದ್ದರು. ಹೊರದೇಶದ ಹೆಸರಿದ್ದರೆ ಮಾತ್ರ ಬೆಲೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಕೊಳ್ಳುವಾಗ ತಳ ಮತ್ತು ಹಿಂಬದಿ ನೋಡಿ. ಆಲಂ ಹುಳಿ ಗುಣದ್ದು. ತೇವ ಸೇರಿದರೆ ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಬಣ್ಣ ಉಬ್ಬಿದ್ದರೆ ಅನುಮಾನಪಡಿ. ಗೋಡೆಗೆ ಡ್ರಿಲ್ ಹಾಕಿಸಲೇಬೇಡಿ. ಕೆಲವು ತಿಜೋರಿಗಳ ತುಂಬುವಸ್ತುವಿನಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಹಳೆ ಬಣ್ಣವನ್ನು ಉಜ್ಜಿ ತೆಗೆಸುವುದೂ ಬೇಡ, ಅದರ ಜೊತೆ ತಯಾರಕರ ಗುರುತೂ ಹೋಗಿಬಿಡುತ್ತದೆ. ಇಷ್ಟು ವರ್ಷದ ಮೇಲೆ ಅದು ಬೆಂಕಿ ತಡೆಯುತ್ತದೆಂದು ನಂಬಿ ಆಸ್ತಿಪತ್ರ ಇಡಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ ಬೋಲ್ಟುಗಳು ಹೊರಬರದಂತೆ ಮೊದಲೇ ಕಟ್ಟಿಹಾಕಿಸಿ, ಬೀಗದ ಕೈಯನ್ನು ಬೇರೆ ಕಡೆ ಇಡಿ. ಬಾಗಿಲು ಮುಚ್ಚಿಕೊಂಡರೆ ಒಳಗೆ ಗಾಳಿ ಹೋಗುವುದಿಲ್ಲ.